ದಾಖಲಾತಿ ವಹಿಯ ಒಂದು ಸಾಲು: ಮಗುವನ್ನು ಸರ್ಕಾರಿ ಪ್ರೌಢಶಾಲೆಗೆ ಸೇರಿಸುವಾಗ

ಮೇ ತಿಂಗಳ ಕೊನೆಗೆ ಶಾಲೆಗಳು ಬಾಗಿಲು ತೆಗೆಯುತ್ತವೆ. ಅಲ್ಲಿಂದ ಜೂನ್ ಮುಗಿಯುವವರೆಗೆ ದಾವಣಗೆರೆಯ ಸರ್ಕಾರಿ ಪ್ರೌಢಶಾಲೆಗಳ ಆಫೀಸು ಕೋಣೆಯ ಮುಂದೆ ಏಳನೇ ತರಗತಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಬಂದವರ ಸಾಲು. ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಅವೇ. "ಇಂಗ್ಲಿಷ್ ಮೀಡಿಯಂ ಐತೇನ್ರಿ ಸಾರ್?" "ಯೂನಿಫಾರಂ ಯಾವಾಗ ಕೊಡ್ತೀರಿ?" "ಬಿಸಿಯೂಟ ಹೈಸ್ಕೂಲಿಗೂ ಐತಲ್ಲ?" ಉತ್ತರಗಳೂ ಸುಲಭ. ಬಿಸಿಯೂಟ ಹತ್ತನೇ ತರಗತಿಯವರೆಗೂ ಇದೆ, ಪಠ್ಯಪುಸ್ತಕ, ಎರಡು ಜೊತೆ ಸಮವಸ್ತ್ರ, ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಪುಕ್ಕಟೆ, ಇಂಗ್ಲಿಷ್ ಮಾಧ್ಯಮ ಕೆಲವು ಶಾಲೆಗಳಲ್ಲಿ ಮಾತ್ರ.

ಆದರೆ ಅದೇ ಹೊತ್ತಿಗೆ ಮೇಜಿನ ಆಚೆ ಬದಿಯಲ್ಲಿ ಗುಮಾಸ್ತರು ಉದ್ದನೆಯ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುತ್ತಿರುತ್ತಾರೆ. ಅದರಲ್ಲಿ ಏನು ಬರೆದರು ಎಂದು ಇಣುಕಿ ನೋಡುವವರು ಕಡಿಮೆ. ಮಗುವಿನ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ತಾರೀಖು, ಧರ್ಮ, ಜಾತಿ, ಮಾತೃಭಾಷೆ, ಓದುವ ಮಾಧ್ಯಮ ಎಲ್ಲವೂ ಆ ಸಾಲಿನಲ್ಲೇ. ಮೂರು ವರ್ಷದ ನಂತರ ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಇಳಿಯುತ್ತದೆ, ಅಲ್ಲಿಂದ ಪಿಯುಸಿ, ಸಿಇಟಿ, ಪಾಸ್‌ಪೋರ್ಟ್, ಸರ್ಕಾರಿ ನೌಕರಿಯ ಸೇವಾ ಪುಸ್ತಕ. ನೌಕರಿಗೆ ಸೇರಿದವರು ನಿವೃತ್ತರಾಗುವ ದಿನವನ್ನೂ ಈ ಸಾಲೇ ಗೊತ್ತು ಮಾಡುತ್ತದೆ. ಎಂಟನೇ ತರಗತಿಯ ದಾಖಲಾತಿ ಎಂದರೆ ಈ ಸಾಲನ್ನು ತಪ್ಪಿಲ್ಲದೆ ಬರೆಸುವ ಕೆಲಸ ಎಂದೇ ತಿಳಿಯುವುದು ಒಳ್ಳೆಯದು.

ಯಾವ ಶಾಲೆ, ಯಾರ ಕೈಕೆಳಗೆ

ನಮ್ಮಲ್ಲಿ ಪ್ರೌಢಶಾಲೆ ಎಂದರೆ 8, 9, 10. ಕೆಲವು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೆಯದೂ ಇದೆ. ಅಲ್ಲಿ ಓದುವ ಮಕ್ಕಳು ಒಂಬತ್ತಕ್ಕೆ ಶಾಲೆ ಬದಲಿಸಬೇಕು, ಟಿ.ಸಿ., ಅಂದರೆ ವರ್ಗಾವಣೆ ಪತ್ರದ ಕೆಲಸವೂ ಒಂದು ವರ್ಷ ಮುಂದೆ ಹೋಗುತ್ತದೆ. ಪಿಯು ಕಾಲೇಜಿನ ಆವರಣದೊಳಗೇ ಇರುವ ಪ್ರೌಢಶಾಲಾ ವಿಭಾಗಕ್ಕೆ ಮುಖ್ಯಸ್ಥರು ಉಪಪ್ರಾಂಶುಪಾಲರು, ಉಳಿದ ಕಡೆ ಮುಖ್ಯ ಶಿಕ್ಷಕರು. ಅರ್ಜಿ ಬರೆಯುವಾಗ ಪದನಾಮ ತಪ್ಪಿದರೆ ಯಾರೂ ಅರ್ಜಿ ವಾಪಸ್ ಕೊಡುವುದಿಲ್ಲ, ಆದರೆ ಸಹಿ ಯಾರದ್ದು ಬೇಕು ಎಂಬುದು ಗೊತ್ತಿದ್ದರೆ ಒಂದು ಓಡಾಟ ಉಳಿಯುತ್ತದೆ.

ಮುಖ್ಯ ಶಿಕ್ಷಕರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಎಲ್ಲರ ಬಾಯಲ್ಲಿ ಬಿಇಒ. ಅವರ ಮೇಲೆ ಜಿಲ್ಲೆಗೆ ಒಬ್ಬರು ಉಪನಿರ್ದೇಶಕರು, ಅಂದರೆ ಡಿಡಿಪಿಐ. ದಾವಣಗೆರೆಯಲ್ಲಿ ಒಂದು ಗೊಂದಲ ಮಾಮೂಲಿ: ತಾಲ್ಲೂಕು ಒಂದೇ ಆದರೂ ಶಿಕ್ಷಣ ಇಲಾಖೆಗೆ ಅದು ಉತ್ತರ ವಲಯ, ದಕ್ಷಿಣ ವಲಯ ಎಂದು ಎರಡು. ಬಿಇಒ ಸಹಿ ಬೇಕಾದ ಕಾಗದ ಹಿಡಿದು ತಪ್ಪು ವಲಯದ ಆಫೀಸಿನಲ್ಲಿ ಅರ್ಧ ದಿನ ಕಾಯುವವರಿದ್ದಾರೆ. ಮನೆ ಯಾವ ವಲಯದಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಶಾಲೆ ಯಾವ ವಲಯದ್ದು ಎಂಬುದಷ್ಟೇ ಲೆಕ್ಕ. ಪ್ರತಿ ಶಾಲೆಗೂ ಯುಡೈಸ್ ಎಂಬ 11 ಅಂಕಿಯ ಗುರುತಿನ ಸಂಖ್ಯೆ ಇದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಶಾಲೆಯ ಬೋರ್ಡಿನ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಹತ್ತು ಫಾರಂಗೆ ಬೇಕಾಗುತ್ತದೆ.

ಟಿ.ಸಿ. ಎರಡು ಕಡೆ ಇರುತ್ತದೆ

ಕೈಗೆ ಕೊಡುವ ಟಿ.ಸಿ. ಕಾಗದ ಒಂದು, ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ ಆಗುವ ವರ್ಗಾವಣೆ ಇನ್ನೊಂದು. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂಬತ್ತು ಅಂಕಿಯ ಸ್ಯಾಟ್ಸ್ ಸಂಖ್ಯೆ ಇದೆ. ಒಂದನೇ ತರಗತಿಯಲ್ಲಿ ಕೊಟ್ಟದ್ದೇ ಕೊನೆಯವರೆಗೂ ನಡೆಯಬೇಕು. ಹಳೆ ಶಾಲೆಯವರು ತಮ್ಮ ಲಾಗಿನ್‌ನಲ್ಲಿ ಟಿ.ಸಿ. ನಮೂದಿಸಿದ ಮೇಲೆಯೇ ಹೊಸ ಶಾಲೆಯವರು ಆ ಸಂಖ್ಯೆ ಹಾಕಿ ಮಗುವನ್ನು ತಮ್ಮ ಕಡೆ ಸೇರಿಸಿಕೊಳ್ಳಲು ಆಗುವುದು.

ಇಲ್ಲೇ ಹೆಚ್ಚಿನ ತೊಡಕು. ಕಾಗದದ ಟಿ.ಸಿ. ಬರೆದು ಕೊಟ್ಟು, ಆನ್‌ಲೈನಿನಲ್ಲಿ ಬಿಡುಗಡೆ ಮಾಡುವುದನ್ನು ಹಳೆ ಶಾಲೆ ಮರೆತಿರುತ್ತದೆ. ಮಗು ಹೊಸ ಶಾಲೆಯ ಬೆಂಚಿನ ಮೇಲೆ ಕೂತು ತಿಂಗಳಾದರೂ ಕಂಪ್ಯೂಟರಿನ ಲೆಕ್ಕಕ್ಕೆ ಇನ್ನೂ ಹಳೆ ಶಾಲೆಯ ಏಳನೇ ತರಗತಿಯಲ್ಲೇ ಇರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಹಾಕಲು ಹೋದಾಗ ತಪ್ಪು ಹೊರಬೀಳುತ್ತದೆ, ಅಷ್ಟರಲ್ಲಿ ಕೊನೆಯ ದಿನಾಂಕ ಹತ್ತಿರ ಬಂದಿರುತ್ತದೆ. ಆದ್ದರಿಂದ ಹಳೆ ಶಾಲೆಯಲ್ಲಿ ಟಿ.ಸಿ. ಇಸಿದುಕೊಳ್ಳುವಾಗಲೇ "ಸ್ಯಾಟ್ಸ್‌ನಲ್ಲೂ ಬಿಟ್ಟಿದ್ದೀರಾ ಮೇಡಂ?" ಎಂದು ಕೇಳಿ, ಹೊಸ ಶಾಲೆಯಲ್ಲಿ ಹದಿನೈದು ದಿನ ಬಿಟ್ಟು "ಬಂದಿದೆಯಾ?" ಎಂದು ಇನ್ನೊಮ್ಮೆ ಕೇಳಬೇಕು.

ಇದಕ್ಕಿಂತ ಕೆಟ್ಟದ್ದು, ಹಳೆ ಸಂಖ್ಯೆ ಸಿಗಲಿಲ್ಲ ಎಂದು ಮಗುವಿಗೆ ಹೊಸದೇ ಒಂದು ಸಂಖ್ಯೆ ಹುಟ್ಟಿಸುವುದು. ಒಂದೇ ಮಗು ಎರಡಾಗುತ್ತದೆ. ಒಂದು ಏಳನೇ ತರಗತಿಗೆ ಶಾಲೆ ಬಿಟ್ಟವರ ಪಟ್ಟಿಗೆ ಸೇರುತ್ತದೆ, ಇನ್ನೊಂದಕ್ಕೆ ಹಿಂದಿನ ಏಳು ವರ್ಷದ ಇತಿಹಾಸವೇ ಇರುವುದಿಲ್ಲ. ಹೊಸ ಸಂಖ್ಯೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಳೆಯ ಪ್ರಗತಿ ಪತ್ರದಲ್ಲಿ ಅಥವಾ ಟಿ.ಸಿ.ಯ ಮೇಲ್ತುದಿಯಲ್ಲಿ ಆ ಒಂಬತ್ತು ಅಂಕಿ ಇರುತ್ತದೆ, ಹುಡುಕಿ ಕೊಡಿ.

ಖಾಸಗಿ ಶಾಲೆಯಿಂದ ಸರ್ಕಾರಿ ಶಾಲೆಗೆ ಬರುವವರಲ್ಲಿ ಕೆಲವರಿಗೆ ಫೀಸು ಬಾಕಿ ಇದೆ ಎಂದು ಟಿ.ಸಿ. ತಡೆದಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಎಂಟನೇ ತರಗತಿಯವರೆಗೆ ಅನ್ವಯಿಸುತ್ತದೆ. ಅದರ 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ತಡ ಮಾಡಿದ ಮುಖ್ಯಸ್ಥರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶ ಇದೆ. ಮೊದಲು ಮಗುವನ್ನು ತರಗತಿಯಲ್ಲಿ ಕೂರಿಸಿ, ಆಮೇಲೆ ಬಿಇಒಗೆ ಲಿಖಿತ ಅರ್ಜಿ ಕೊಟ್ಟು, ಅದರ ಜೆರಾಕ್ಸ್ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂಬತ್ತಕ್ಕೆ ಬರುವ ಮಗುವಿಗೆ ಈ ಸೆಕ್ಷನ್ನಿನ ಬಲ ಇಲ್ಲ ಎಂಬುದು ನೆನಪಿರಲಿ.

ಹೆಸರು: ಒಂದು 'ಎ' ಮಾಡುವ ಕಿತಾಪತಿ

ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು ಥರ ಬರೆಯುತ್ತಾರೆ. ಕೆಲವರು 'ಎನ್' ಆದಮೇಲೆ ಒಂದು 'ಎ' ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಊರಿಗೆ ನಡೆಯುತ್ತದೆ, ಹುಡುಗನಿಗೆ ನಡೆಯುವುದಿಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಮನೆಯಲ್ಲಿ ಹುಡುಗನ ಹೆಸರು ಬಸವರಾಜ, ತಂದೆ ಹನುಮಂತಪ್ಪ. ಏಳನೇ ತರಗತಿಯ ಟಿ.ಸಿ.ಯಲ್ಲಿ 'ಬಸವರಾಜ ಎಚ್.' ಆಧಾರ್‌ನಲ್ಲಿ 'ಕೆ. ಎಚ್. ಬಸವರಾಜು', ಯಾಕೆಂದರೆ ಮಾಡಿಸುವ ದಿನ ಅಜ್ಜ ಜೊತೆಗೆ ಹೋಗಿದ್ದರು, ಮನೆತನದ ಇನಿಷಿಯಲ್ ಸೇರಿಸಿದರು. ಜನನ ಪ್ರಮಾಣ ಪತ್ರದಲ್ಲಿ ಹೆಸರಿನ ಜಾಗ ಖಾಲಿ: ಚೊಚ್ಚಲ ಹೆರಿಗೆ, ಮಗು ಹುಟ್ಟಿದ್ದು ತಾಯಿಯ ತವರು ರಾಣೆಬೆನ್ನೂರಿನಲ್ಲಿ, ನಾಮಕರಣಕ್ಕೆ ಮುಂಚೆಯೇ ನೋಂದಣಿ ಆಗಿತ್ತು. ತಾಯಿ ತವರಿನ ದಾಖಲೆಯಲ್ಲಿ ಲಕ್ಷ್ಮವ್ವ, ಗಂಡನ ಮನೆಯ ಪಡಿತರ ಚೀಟಿಯಲ್ಲಿ ಲಕ್ಷ್ಮೀದೇವಿ. ಇಷ್ಟೂ ಕಾಗದ ಒಟ್ಟಿಗೆ ಮೇಜಿನ ಮೇಲೆ ಬಂದಾಗ ಗುಮಾಸ್ತರು ಏನು ಮಾಡಬೇಕು? ಟಿ.ಸಿ.ಯಲ್ಲಿ ಇದ್ದಂತೆಯೇ ಬರೆಯುತ್ತಾರೆ. ನಿಯಮದ ಪ್ರಕಾರ ಅದೇ ಸರಿ, ಹಿಂದಿನ ಶಾಲೆಯ ದಾಖಲೆಯನ್ನು ತಮ್ಮ ಮನಸ್ಸಿಗೆ ಬಂದಂತೆ ತಿದ್ದುವ ಅಧಿಕಾರ ಅವರಿಗಿಲ್ಲ.

ಆಮೇಲೆ ಏನಾಗುತ್ತದೆ? ವಿದ್ಯಾರ್ಥಿವೇತನದ ಪೋರ್ಟಲ್ ಸ್ಯಾಟ್ಸ್ ಹೆಸರನ್ನೂ ಆಧಾರ್ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ವಿದ್ಯಾರ್ಥಿಯ ರಾಷ್ಟ್ರೀಯ ಗುರುತಾದ 12 ಅಂಕಿಯ ಅಪಾರ್ ಸಂಖ್ಯೆ ಮಾಡಿಸುವಾಗಲೂ ಹೆಸರು, ಹುಟ್ಟಿದ ದಿನ, ಲಿಂಗ ಆಧಾರ್ ಜೊತೆ ಹೊಂದಬೇಕು. ಹೊಂದದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆಗ ಹೆಚ್ಚಿನವರು ಮೊದಲು ಓಡುವುದು ಆಧಾರ್ ಕೇಂದ್ರಕ್ಕೆ. ಅದು ಅವಸರದ ಕೆಲಸ. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ತಪ್ಪು ಹೆಸರಿಗೆ ಒಂದು ಸಲ ಬದಲಿಸಿಕೊಂಡರೆ ಉಳಿಯುವುದು ಇನ್ನೊಂದೇ.

ಸರಿಯಾದ ಕ್ರಮ ಹೀಗಿದೆ. ಮೊದಲು ಜನನ ಪ್ರಮಾಣ ಪತ್ರ. ಹೆಸರಿನ ಜಾಗ ಖಾಲಿ ಇದ್ದರೆ, ನೋಂದಣಿಯಾದ ದಿನದಿಂದ 15 ವರ್ಷದೊಳಗೆ ಹೆಸರು ಸೇರಿಸಬಹುದು. ಎಂಟನೇ ತರಗತಿಗೆ ಬರುವ ಮಗುವಿಗೆ ಹದಿಮೂರರ ಆಸುಪಾಸು, ಅಂದರೆ ಉಳಿದಿರುವುದು ಎರಡೇ ವರ್ಷ. ಅರ್ಜಿ ಕೊಡಬೇಕಾದ್ದು ಈಗ ಇರುವ ಊರಿನಲ್ಲಿ ಅಲ್ಲ, ಹುಟ್ಟು ನೋಂದಣಿಯಾದ ಕಡೆ. ಮೇಲಿನ ಉದಾಹರಣೆಯಲ್ಲಿ ರಾಣೆಬೆನ್ನೂರಿಗೆ ಹೋಗಬೇಕು. ಎರಡನೆಯದು, ಆ ಪ್ರಮಾಣ ಪತ್ರ ಇಟ್ಟುಕೊಂಡು ಆಧಾರ್. ಮೂರನೆಯದು, ಎರಡನ್ನೂ ಲಗತ್ತಿಸಿ ಶಾಲೆಗೆ ಅರ್ಜಿ. ಇದೇ ಕೊನೆಗೆ ಬರಬೇಕು. ಶಾಲೆಯ ವಹಿಯಲ್ಲಿ ಹೆಸರು ತಿದ್ದುವುದು ಮುಖ್ಯ ಶಿಕ್ಷಕರ ಕೈಯಲ್ಲೇ ಮುಗಿಯುವ ಕೆಲಸವಲ್ಲ, ಮೇಲಧಿಕಾರಿಯ ಆದೇಶ ಬೇಕು. ಆದೇಶ ಬಂದಮೇಲೆ ಹಳೆಯದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಹೊಸದನ್ನು ಬರೆದು, ಪಕ್ಕದಲ್ಲಿ ಆದೇಶದ ಸಂಖ್ಯೆ, ದಿನಾಂಕ, ಸಹಿ. ಬಿಳಿ ಫ್ಲೂಯಿಡ್ ಬಳಿದು ತಿದ್ದಿದ ಸಾಲು ಮುಂದೆ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ, ಕೋರ್ಟಿನಲ್ಲಂತೂ ಅನುಮಾನಕ್ಕೇ ದಾರಿ.

ಇನಿಷಿಯಲ್ ಬಗ್ಗೆ ಒಂದು ಮಾತು. ಅದು ಹೆಸರಿನ ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದಕ್ಕಿಂತ ಎಲ್ಲ ಕಡೆ ಒಂದೇ ಥರ ಇರಬೇಕು ಎಂಬುದು ಮುಖ್ಯ. ಮಗುವಿನ ಹೆಸರು ಆಧಾರ್‌ನಲ್ಲಿ ಹೇಗಿದೆಯೋ ಹಾಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಗುಮಾಸ್ತರ ಮುಂದೆ ಇಡಿ. ಬಾಯಲ್ಲಿ ಹೇಳಿದರೆ 'ಮಂಜುನಾಥ' ಕಂಪ್ಯೂಟರಿನಲ್ಲಿ ಮೂರು ಥರ ಆಗುತ್ತಾನೆ.

ಜೂನ್ ಒಂದರ ಮಕ್ಕಳು

ಹಳೆಯ ತಲೆಮಾರಿನ ವಹಿಗಳನ್ನು ತಿರುವಿದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ಶಾಲೆಗೆ ಸೇರಿಸುವಾಗ ಕಾಗದ ಇರಲಿಲ್ಲ, ಮೇಷ್ಟ್ರು ವಯಸ್ಸು ಹೊಂದಿಸಿ ಒಂದು ತಾರೀಖು ಬರೆದರು. ಈಗ ಆಸ್ಪತ್ರೆಯಲ್ಲೇ ಹೆರಿಗೆ, ನೋಂದಣಿಯೂ ಆಗಿರುತ್ತದೆ. ಆದರೂ ಬೇಗ ಸೇರಿಸಬೇಕೆಂದು ಒಂದನೇ ತರಗತಿಯಲ್ಲಿ ನಾಲ್ಕೈದು ತಿಂಗಳು ಹಿಂದಕ್ಕೆ ತಳ್ಳಿದ ತಾರೀಖುಗಳು ಇನ್ನೂ ಬರುತ್ತವೆ. ದಿನ-ತಿಂಗಳು ಅದಲುಬದಲಾದವೂ ಇವೆ: 03-07 ಇದ್ದದ್ದು 07-03. ಟಿ.ಸಿ.ಯಲ್ಲಿ ತಾರೀಖನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದು ಇದಕ್ಕೇ. ಎರಡನ್ನೂ ಬೆರಳಿಟ್ಟು ಓದಿ. ಅಂಕಿ ಸರಿಯಿದ್ದು ಅಕ್ಷರ ತಪ್ಪಿದ್ದರೂ ತಪ್ಪೇ.

ಈ ತಾರೀಖಿನ ತೂಕ ನೌಕರಿಗೆ ಮಾತ್ರ ಸೀಮಿತವಲ್ಲ. 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಒಬ್ಬರು ಮಗುವೋ ಅಲ್ಲವೋ ಎಂದು ತೀರ್ಮಾನಿಸುವಾಗ ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಮಾತ್ರ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪತ್ರ. ಹದಿನೇಳರ ಹುಡುಗಿಗೆ ಮದುವೆ ಮಾಡುತ್ತಿದ್ದಾರೆ ಎಂದು ಅಧಿಕಾರಿಗಳು ಹಳ್ಳಿಗೆ ಹೋದರೆ ಅವರು ಮೊದಲು ಫೋನು ಮಾಡುವುದು ಶಾಲೆಗೆ.

2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಜನನ ಪ್ರಮಾಣ ಪತ್ರವೇ ಆಧಾರ ಎಂದು ಕಾನೂನು ಬದಲಾಗಿದೆ. ಆ ಮಕ್ಕಳು ಪ್ರೌಢಶಾಲೆಗೆ ಬರುವ ಹೊತ್ತಿಗೆ ಈ ತಾಪತ್ರಯ ಬಹುಪಾಲು ಮುಗಿದಿರಬೇಕು. ಈಗಿನವರದ್ದು ಮುಗಿದಿಲ್ಲ.

ಜಾತಿ ಕಾಲಂ

ಶಾಲೆಯ ದಾಖಲೆಯಲ್ಲಿ ಜಾತಿ ಹೇಗಿದೆ ಎಂಬುದನ್ನು ನಾಡಕಚೇರಿಯವರು ಪ್ರಮಾಣ ಪತ್ರ ಕೊಡುವಾಗ ನೋಡುತ್ತಾರೆ. ಚಿತ್ರದುರ್ಗ-ದಾವಣಗೆರೆ ಭಾಗದಲ್ಲಿ ಪದಗಳ ಗೋಜಲು ಜಾಸ್ತಿ. ಕಾಡುಗೊಲ್ಲರ ಹಟ್ಟಿಯ ಮಗುವಿಗೆ ಬರೀ 'ಗೊಲ್ಲ' ಎಂದು ಬರೆದಿರುತ್ತಾರೆ. ನಾಯಕ ಸಮುದಾಯದ ಅಣ್ಣನಿಗೆ 'ನಾಯಕ', ತಮ್ಮನಿಗೆ 'ವಾಲ್ಮೀಕಿ'. ತಾಂಡಾದಿಂದ ಬಂದವರಿಗೆ ಒಂದು ಕಡೆ ಲಂಬಾಣಿ, ಇನ್ನೊಂದು ಕಡೆ ಬಂಜಾರ. ಲಿಂಗಾಯತರಲ್ಲಿ ಒಳಪಂಗಡ ಬಿಟ್ಟುಹೋಗಿರುತ್ತದೆ. ಆಡುಮಾತಿನಲ್ಲಿ ಎಲ್ಲ ಒಂದೇ ಇರಬಹುದು. ಮೀಸಲಾತಿ ಪಟ್ಟಿ ನೋಡುವುದು ಅಕ್ಷರವನ್ನು.

ಮನೆಯಲ್ಲಿ ಈಗಾಗಲೇ ಜಾತಿ ಪ್ರಮಾಣ ಪತ್ರ ಇದ್ದರೆ ಅದರಲ್ಲಿರುವಂತೆಯೇ ಬರೆಸಿ. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಅದೇ ಕೀಲಿಕೈ. ಆದಾಯ ಪತ್ರ ಐದು ವರ್ಷ ನಡೆಯುತ್ತದೆ. ಎಂಟಕ್ಕೆ ಸೇರುವಾಗ ಹೊಸದಾಗಿ ಮಾಡಿಸಿದರೆ ದ್ವಿತೀಯ ಪಿಯುಸಿವರೆಗೂ ಅದೇ ಸಾಕು. ಆರನೇ ತರಗತಿಯಲ್ಲಿ ಮಾಡಿಸಿದ್ದು ಸರಿಯಾಗಿ ಹತ್ತನೇ ತರಗತಿ ಮುಗಿಯುವ ಗಡಿಬಿಡಿಯಲ್ಲೇ ಮುಗಿಯುತ್ತದೆ.

ದುಡ್ಡು ಮಂಜೂರಾಗಿದೆ, ಖಾತೆಗೆ ಬಂದಿಲ್ಲ ಎಂಬ ದೂರು ಪ್ರತಿ ವರ್ಷದ್ದು. ಕಾರಣ ಹೆಚ್ಚಾಗಿ ಬ್ಯಾಂಕಿನಲ್ಲಿ ಇರುತ್ತದೆ. ಖಾತೆಗೆ ಆಧಾರ್ ಜೋಡಿಸಿದ್ದೇ ಬೇರೆ, ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂದು ಗೊತ್ತು ಮಾಡುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಯಾವುದನ್ನು ಮ್ಯಾಪ್ ಮಾಡಿದ್ದಾರೋ ಅದಕ್ಕೇ ಹಣ ಹೋಗುತ್ತದೆ. ಬಂದ ಹಣ ಹಳೆ ಖಾತೆಯಲ್ಲಿ ಸುಮ್ಮನೆ ಕೂತಿರುವುದೂ ಉಂಟು. ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದನ್ನು ಡಿಬಿಟಿ ಎನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ "ಡಿಬಿಟಿಗೆ ಎನ್‌ಪಿಸಿಐ ಲಿಂಕ್ ಮಾಡಿಕೊಡಿ" ಎಂದು ಈ ಪದಗಳಲ್ಲೇ ಕೇಳಬೇಕು. 'ಆಧಾರ್ ಲಿಂಕ್' ಎಂದರೆ ಅವರು ಅಷ್ಟನ್ನೇ ಮಾಡಿ ಕಳಿಸುತ್ತಾರೆ.

ಮಾಧ್ಯಮ ಮತ್ತು ಊರು: ಯಾರೂ ಮುಂಚೆ ಹೇಳದ ಲೆಕ್ಕ

ಸಾಮಾನ್ಯವಾಗಿ ಸರ್ಕಾರಿ ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಕನ್ನಡ, ದ್ವಿತೀಯ ಇಂಗ್ಲಿಷ್, ತೃತೀಯ ಹಿಂದಿ. ಉರ್ದು ಮಾಧ್ಯಮದ ಶಾಲೆಗಳಲ್ಲಿ ಪ್ರಥಮ ಭಾಷೆ ಉರ್ದು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಲೇಬೇಕು ಎನ್ನುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು. ಸಿಇಟಿ ಮೂಲಕ ವೃತ್ತಿಪರ ಕೋರ್ಸುಗಳ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಎರಡಕ್ಕೂ ಶರತ್ತು ಒಂದನೇ ತರಗತಿಯಿಂದ ಹತ್ತನೆಯವರೆಗೆ, ಹತ್ತೂ ವರ್ಷ. ಒಂಬತ್ತೂವರೆ ಆದರೂ ಇಲ್ಲ. ಆನಗೋಡಿನಲ್ಲೋ ಇನ್ನಾವುದೋ ಹಳ್ಳಿಯಲ್ಲೋ ಏಳನೆಯದರವರೆಗೆ ಓದಿದ ಹುಡುಗಿಯನ್ನು "ಸಿಟಿಯಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೆ" ಎಂದು ದಾವಣಗೆರೆ ಪಾಲಿಕೆಯೊಳಗಿನ ಶಾಲೆಗೆ ಸೇರಿಸಿದ ದಿನವೇ ಅವಳ ಗ್ರಾಮೀಣ ಮೀಸಲಾತಿ ಹೋಯಿತು. ಹಾಗೆಯೇ ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ನಿಗೆ ಹಾಕಿದರೆ ಕನ್ನಡ ಮಾಧ್ಯಮದ ಮೀಸಲಾತಿ ಇಲ್ಲ. ಸರ್ಕಾರಿ ನೇಮಕಾತಿಯಲ್ಲೂ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇದೆ, ಅಲ್ಲೂ ಈ ಹತ್ತು ವರ್ಷದ್ದೇ ಲೆಕ್ಕ.

ಹಾಗಂತ ಸಿಟಿಗೆ ಬರಬಾರದು ಅಂತಲ್ಲ. ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಕಾಯಂ ಶಿಕ್ಷಕರು ಇಲ್ಲದೆ ವರ್ಷಗಟ್ಟಲೆ ಅತಿಥಿ ಶಿಕ್ಷಕರಲ್ಲೇ ನಡೆಯುತ್ತಿದ್ದರೆ ಮೀಸಲಾತಿ ಕಟ್ಟಿಕೊಂಡು ಏನು ಮಾಡುವುದು? ಎಂಜಿನಿಯರಿಂಗ್, ಕೃಷಿ, ಪಶುವೈದ್ಯ ಎಂದು ಕನಸಿರುವ ಮಗುವಾದರೆ, ಊರಿನ ಶಾಲೆಯಲ್ಲಿ ಆ ಎರಡು ವಿಷಯಕ್ಕೆ ಕಾಯಂ ಶಿಕ್ಷಕರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಊರಲ್ಲೇ ಹತ್ತು ಮುಗಿಸಿ, ಪಿಯುಸಿಗೆ ಸಿಟಿಗೆ ಬರುವುದು ಲಾಭ. ಇಂಗ್ಲಿಷ್ ಮಾಧ್ಯಮದ ವಿಷಯದಲ್ಲಿ ನಮ್ಮ ಅಭಿಪ್ರಾಯ ಇನ್ನೂ ಖಡಕ್ಕು: ಏಳು ವರ್ಷ 'ದ್ಯುತಿಸಂಶ್ಲೇಷಣೆ' ಓದಿದ ಮಗುವಿಗೆ ಎಂಟರಲ್ಲಿ ಏಕಾಏಕಿ ಮಾಧ್ಯಮ ಬದಲಿಸುವುದರಿಂದ ಒಂದು ವರ್ಷ ಬರೀ ಪದಗಳ ಜೊತೆ ಗುದ್ದಾಟವಾಗುತ್ತದೆ.

ಎಂಟರಲ್ಲೇ ಒಂದು ಪರೀಕ್ಷೆ

ಎನ್‌ಎಂಎಂಎಸ್ ಎಂಬುದು ಪರೀಕ್ಷೆ ಬರೆದು ಪಡೆಯುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಅದು ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರಿಗೆ ಮಾತ್ರ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ ₹12,000, ನಾಲ್ಕು ವರ್ಷಕ್ಕೆ ₹48,000. ಮನೆಯ ವಾರ್ಷಿಕ ಆದಾಯ ₹3.5 ಲಕ್ಷ ಮೀರಬಾರದು. ಏಳನೇ ತರಗತಿಯಲ್ಲಿ ಶೇ 55, ಪರಿಶಿಷ್ಟರಿಗೆ ಶೇ 50 ಬಂದಿರಬೇಕು. ಎರಡು ಪತ್ರಿಕೆ: ಬೌದ್ಧಿಕ ಸಾಮರ್ಥ್ಯ 90 ಪ್ರಶ್ನೆ, ಪಠ್ಯವಿಷಯ 90 ಪ್ರಶ್ನೆ, ತಲಾ 90 ನಿಮಿಷ. ಸರ್ಕಾರವೇ ಊಟ-ವಸತಿ ಕೊಡುವ ವಸತಿ ಶಾಲೆಗಳ ಮಕ್ಕಳಿಗೆ ಇದು ಇಲ್ಲ. ಪರೀಕ್ಷೆ ಪಾಸಾಗಿಯೂ ದುಡ್ಡು ಕಳೆದುಕೊಳ್ಳುವವರು ಎರಡು ಥರ. ಒಂದು, ಪ್ರತಿ ವರ್ಷ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನವೀಕರಿಸಬೇಕು ಎಂಬುದು ಗೊತ್ತಿಲ್ಲದವರು. ಇನ್ನೊಂದು, ಹೆಸರು ಆಧಾರ್‌ಗೆ ಹೊಂದದವರು. ಮತ್ತೆ ಅದೇ ಸಾಲು.

ಹತ್ತನೇ ತರಗತಿಯ ಕರಡು ಪಟ್ಟಿ

ಹತ್ತನೇ ತರಗತಿಯಲ್ಲಿ ಅರ್ಧ ವರ್ಷ ಕಳೆಯುವ ಹೊತ್ತಿಗೆ ಶಾಲೆಯವರು ಪರೀಕ್ಷಾ ಮಂಡಳಿಗೆ ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳ ಪಟ್ಟಿ ಕಳಿಸುತ್ತಾರೆ. ಮಾಹಿತಿ ಬರುವುದು ಸ್ಯಾಟ್ಸ್‌ನಿಂದ, ಸ್ಯಾಟ್ಸ್‌ಗೆ ಬಂದದ್ದು ವಹಿಯಿಂದ. ಕಳಿಸುವ ಮುಂಚೆ ಕರಡು ಪ್ರತಿ ತೆಗೆದು ಮಕ್ಕಳಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಹದಿನೈದು ವರ್ಷದ ಮಗು ತನ್ನ ಫೋಟೋ ಹೇಗೆ ಬಂದಿದೆ ಎಂದು ನೋಡಿ ಸಹಿ ಮಾಡುತ್ತದೆ, ತಾಯಿಯ ಹೆಸರಿನ ಕಾಗುಣಿತ ನೋಡುವುದಿಲ್ಲ. ಆ ಕರಡಿನ ಫೋಟೋ ಒಂದು ತೆಗೆದುಕೊಂಡು ಬಾ ಎಂದು ಹೇಳಿಟ್ಟು, ಮನೆಯಲ್ಲಿ ಆಧಾರ್ ಪಕ್ಕ ಇಟ್ಟು ಓದಿ. ಇಲ್ಲಿಯವರೆಗೆ ತಿದ್ದುಪಡಿ ಸುಲಭ. ಆಧಾರ್‌ನಲ್ಲಿ 15 ತುಂಬಿದ ಮಗುವಿನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕಾದ ವರ್ಷವೂ ಇದೇ. 17ರೊಳಗೆ ಮಾಡಿಸಿದರೆ ಶುಲ್ಕವಿಲ್ಲ.

ಹಾಜರಿ ಶೇ 75 ಇರಬೇಕು. ಮೆಕ್ಕೆಜೋಳದ ಕೊಯ್ಲು, ಮಲೆನಾಡಿನ ಕಾಫಿ ತೋಟದ ಕೆಲಸ ಎಂದು ಮನೆಮಂದಿಯೆಲ್ಲ ಗುಳೆ ಹೋಗುವ ತಾಂಡಾ-ಹಟ್ಟಿಗಳ ಮಕ್ಕಳು ಸೋರಿಹೋಗುವುದು ಇಲ್ಲೇ. ಅಂಥ ಮನೆಯವರು ಜೂನ್‌ನಲ್ಲೇ ಹಿಂದುಳಿದ ವರ್ಗಗಳ ಇಲಾಖೆಯ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕಿಟ್ಟರೆ ನವೆಂಬರಿನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಬೇಕಾಗುವುದಿಲ್ಲ.

ಪರೀಕ್ಷೆಯ ಲೆಕ್ಕ ಚಿಕ್ಕದು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಆಂತರಿಕ ಅಂಕ. 2025-26ರಲ್ಲಿ ಪಾಸಾಗುವ ಮಟ್ಟವನ್ನು ಶೇ 35ರಿಂದ ಒಟ್ಟಾರೆ ಶೇ 33ಕ್ಕೆ, ಅಂದರೆ 206 ಅಂಕಕ್ಕೆ ಇಳಿಸಿದರು. ಜೊತೆಗೆ ಪ್ರತಿ ವಿಷಯದಲ್ಲಿ ಆಂತರಿಕ ಅಂಕವೂ ಸೇರಿ ಕನಿಷ್ಠ 30 ಬರಬೇಕು. ಎಲ್ಲ ವಿಷಯದಲ್ಲೂ ಕನಿಷ್ಠವನ್ನಷ್ಟೇ ಮುಟ್ಟಿದರೆ ಒಟ್ಟು ಮೊತ್ತಕ್ಕೆ ಸಾಲುವುದಿಲ್ಲ, ಒಂದೆರಡು ವಿಷಯ ಮೇಲೆತ್ತಬೇಕು. ಆ ಕೆಲಸಕ್ಕೆ ಕನ್ನಡವೇ ವಾಸಿ, ಅದಕ್ಕೆ 25 ಅಂಕ ಹೆಚ್ಚಿಗೆ ಇದೆಯಲ್ಲ. 2023-24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಕ್ರಮ ಬಂತು. ಒಂದರಲ್ಲಿ ಹೋದರೆ ಅದೇ ವರ್ಷ ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ.

ಅಂಕಪಟ್ಟಿ ಬಂದ ಮೇಲೆ

ಅಚ್ಚಾದ ಅಂಕಪಟ್ಟಿಯಲ್ಲಿ ತಪ್ಪು ಕಂಡರೆ ಅರ್ಜಿ ಹೋಗುವುದು ಮುಖ್ಯ ಶಿಕ್ಷಕರ ಮೂಲಕವೇ, ನೇರವಾಗಿ ಬೆಂಗಳೂರಿನ ಮಲ್ಲೇಶ್ವರಂನಲ್ಲಿರುವ ಮಂಡಳಿಯ ಕಚೇರಿಗೆ ಬಸ್ಸು ಹತ್ತಿ ಪ್ರಯೋಜನವಿಲ್ಲ. ಮಂಡಳಿಯವರು ಕೇಳುವ ಮುಖ್ಯ ದಾಖಲೆ ದಾಖಲಾತಿ ವಹಿಯ ದೃಢೀಕೃತ ಪ್ರತಿ. ವಹಿಯಲ್ಲಿ ಸರಿ ಇದ್ದು ಅಂಕಪಟ್ಟಿಯಲ್ಲಿ ತಪ್ಪಾಗಿದ್ದರೆ ಅದು ಬೆರಳಚ್ಚಿನ ತಪ್ಪು, ತಿದ್ದಿಕೊಡುತ್ತಾರೆ. ವಹಿಯಲ್ಲೇ ತಪ್ಪಿದ್ದರೆ ಅಂಕಪಟ್ಟಿ ಅವರ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಹುಟ್ಟಿದ ದಿನಾಂಕವಾದರೆ ಸಿವಿಲ್ ಕೋರ್ಟಿನ ಡಿಕ್ರಿ ಬೇಕಾಗುತ್ತದೆ. ಸರ್ಕಾರವನ್ನು ಪ್ರತಿವಾದಿ ಮಾಡುವ ದಾವೆಗೆ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕು, ಆಮೇಲೆ ವಕೀಲರು, ವಾಯಿದೆ. ಅಷ್ಟರಲ್ಲಿ ಪಿಯುಸಿ ಮುಗಿದಿರುತ್ತದೆ.

ಹತ್ತು ಮುಗಿಸಿ ಟಿ.ಸಿ. ಇಸಿದುಕೊಳ್ಳಲು ಹೋದ ದಿನವೇ ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ ಪ್ರಮಾಣ ಪತ್ರಗಳ ನಮೂನೆಯನ್ನೂ ಕೊಟ್ಟು ಬನ್ನಿ. ಬಿಇಒ ಮೇಲುಸಹಿ ಬೇಕಾದ ಕಾಗದಗಳಿವು. ಸಿಇಟಿ ಸಮಯದಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಏಳರವರೆಗೆ ಒಂದು ಶಾಲೆ, ಎಂಟರಿಂದ ಇನ್ನೊಂದು ಆಗಿದ್ದರೆ ಎರಡೂ ಕಡೆಯಿಂದ ಪತ್ರ ತರಬೇಕು, ಎರಡೂ ಶಾಲೆ ಬೇರೆ ಬೇರೆ ವಲಯದವಾಗಿದ್ದರೆ ಇಬ್ಬರು ಬಿಇಒಗಳ ಸಹಿ. ಟಿ.ಸಿ.ಯ ಮೂಲಪ್ರತಿ ಪಿಯು ಕಾಲೇಜಿಗೆ ಹೋಗಿಬಿಡುತ್ತದೆ, ಕೊಡುವ ಮುಂಚೆ ನಾಲ್ಕು ಜೆರಾಕ್ಸ್ ಇರಲಿ. ಮತ್ತೆ ಅಂಕಪಟ್ಟಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ತಿದ್ದುಪಡಿಗೋ ಪರಿಶೀಲನೆಗೋ ಕೊಡುವಾಗ ಪ್ಲಾಸ್ಟಿಕ್ ಕೀಳಲು ಹೋದರೆ ಮೇಲಿನ ಅಚ್ಚು, ಮುದ್ರೆ ಎರಡೂ ಅದರ ಜೊತೆಗೇ ಕಿತ್ತು ಬರುತ್ತವೆ. ಹತ್ತು ರೂಪಾಯಿಯ ಪಾರದರ್ಶಕ ಫೋಲ್ಡರ್ ಸಾಕು.